ಸ್ವಲ್ಪ ಅಡ್ಜಸ್ಟ್ ಮಾಡಿ

ಕನ್ನಡ ಸಂಘದ ರೂಮಿನಲ್ಲಿರುವ ಕಬ್ಬಿಣದ ಬೀರುವಿನ ಮೇಲೆ ಒಂದು ಸ್ಟಿಕರ್ ಇದೆ. ಕೆಂಪು ಅಕ್ಷರ, ಸುತ್ತ ಹಳದಿ ಅಂಚು. "ಸಲ ಅಡಸ್ ಮಾಡಿ" ಅಂತ ಬರೆದಿದೆ. ಸಂಘಕ್ಕೆ ಹೊಸದಾಗಿ ಸೇರಿದ ಫಸ್ಟ್ ಇಯರ್‌ನವರು ಅದನ್ನು ಎರಡೆರಡು ಸಲ ಓದಿ, "ಇದು ಯಾವ ಕಡೆ ಕನ್ನಡ?" ಅಂತ ಕೇಳ್ತಾರೆ. ಹಳಗನ್ನಡ ಅಂತ ಹೇಳಿ ಒಬ್ಬನನ್ನು ನಂಬಿಸಿದ್ದೂ ಇದೆ. ನಿಜ ಏನಂದ್ರೆ, ಅದು "ಸ್ವಲ್ಪ ಅಡ್ಜಸ್ಟ್ ಮಾಡಿ". ಒತ್ತಕ್ಷರಗಳೆಲ್ಲ ಬ್ಲೇಡಿಗೆ ಬಲಿಯಾಗಿವೆ. ಹೇಗೆ ಬಲಿಯಾದವು, ಯಾರ ತಪ್ಪಿನಿಂದ ಅನ್ನೋದನ್ನ ಈ ಸಂಚಿಕೆಯಲ್ಲಿ ಬರೆದುಬಿಡೋಣ ಅಂತ ನಾವು ನಾಲ್ಕು ಜನ ತೀರ್ಮಾನ ಮಾಡಿದೆವು. ಯಾಕಂದ್ರೆ ಆ ರಾತ್ರಿ ನಾವು ಇನ್ನೊಬ್ಬರ ತಲೆಗೆ ಕಟ್ಟಿದ ತಪ್ಪು ನಮ್ಮದೇ ಆಗಿತ್ತು.

ಕಳೆದ ವರ್ಷ ಅಕ್ಟೋಬರ್ ಕೊನೆ. ರಾಜ್ಯೋತ್ಸವಕ್ಕೆ ಸಂಘದಿಂದ ಏನಾದರೂ ಮಾರಿ, ಬಂದ ಲಾಭದಲ್ಲಿ ಲೈಬ್ರರಿಯ ಕನ್ನಡ ಕಪಾಟಿಗೆ ಪುಸ್ತಕ ಕೊಡೋಣ ಅನ್ನೋದು ಪ್ಲಾನ್. ಟೀ ಶರ್ಟ್ ಮಾಡಿಸೋಷ್ಟು ದುಡ್ಡಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಸ್ಟಿಕರ್. ಆರು ಡಿಸೈನ್ ಮಾಡಿದೆವು: "ಕನ್ನಡ", "ಎಲ್ಲಾ ಓಕೆ", "ನಮ್ಮ ಹಳ್ಳಿ", "ಅಮ್ಮ ಬೈತಾಳೆ", "ನಿದ್ದೆ ಬಂತು", "ಸ್ವಲ್ಪ ಅಡ್ಜಸ್ಟ್ ಮಾಡಿ". ಆರು ಸ್ಟಿಕರ್‌ನ ಒಂದು ಪ್ಯಾಕ್‌ಗೆ 40 ರೂಪಾಯಿ. ಕ್ಲಾಸ್ ಕ್ಲಾಸ್ ಸುತ್ತಿ 150 ಪ್ಯಾಕ್‌ಗೆ ಮುಂಗಡ ದುಡ್ಡು ತಗೊಂಡಿದ್ದೆವು. ಅಂದ್ರೆ 6,000 ರೂಪಾಯಿ ನಮ್ಮ ಕೈಯಲ್ಲಿ, 900 ಸ್ಟಿಕರ್ ನಮ್ಮ ತಲೆ ಮೇಲೆ.

ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಒಂದು ರೇಡಿಯಂ ಅಂಗಡಿ ಇದೆ. ಬೈಕಿನ ನಂಬರ್ ಪ್ಲೇಟು, ಆಟೋ ಹಿಂದಿನ "ತಾಯಿಯ ಆಶೀರ್ವಾದ", ಲೀಡರ್‌ಗಳ ಹುಟ್ಟುಹಬ್ಬದ ಬ್ಯಾನರ್, ಎಲ್ಲಾ ಅಲ್ಲೇ. ಅಲ್ಲಿರುವ ದೊಡ್ಡ ಮಿಷಿನ್ 54 ಇಂಚು ಅಗಲದ ರೋಲ್ ಹಿಡಿಯುತ್ತೆ. ಅದೇ ಪ್ರಿಂಟ್ ಮಾಡುತ್ತೆ, ಅದೇ ಕಟ್ ಮಾಡುತ್ತೆ. ಅದನ್ನು ಓಡಿಸುವವರನ್ನು ಎಲ್ಲರೂ ಅಣ್ಣ ಅಂತಾರೆ, ನಾವೂ ಅಣ್ಣ ಅಂತಲೇ ಕರೀತೀವಿ. ಹತ್ತು ವರ್ಷದಿಂದ ಅವರದು ಅದೇ ಕೆಲಸ. ಅಂಗಡಿ ಓನರ್ ಬೇರೆ, ದಿನಕ್ಕೊಂದು ಸಲ ಬಂದು ಲೆಕ್ಕ ನೋಡಿಕೊಂಡು ಹೋಗ್ತಾರೆ. ರಾಜ್ಯೋತ್ಸವದ ವಾರ ಅಂದ್ರೆ ಆ ಅಂಗಡಿಗೆ ಉಸಿರಾಡಲೂ ಪುರಸೊತ್ತಿರಲ್ಲ. ಅಂಥದ್ದರಲ್ಲಿ ಅಣ್ಣ ನಮ್ಮ ಕೆಲಸ ಒಪ್ಪಿಕೊಂಡಿದ್ದರು.

ಮಿಷಿನ್ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು, ಇಲ್ಲಾಂದ್ರೆ ಮುಂದಿನ ಕಥೆ ಅರ್ಥವಾಗಲ್ಲ. ವಿನೈಲ್ ಶೀಟಿನ ಕೆಳಗೆ ತರಿತರಿಯಾದ ಲೋಹದ ರೋಲರ್, ಮೇಲಿಂದ ಅದನ್ನು ಒತ್ತಿ ಹಿಡಿಯುವ ಪಿಂಚ್ ರೋಲರ್. ಇವೆರಡರ ಮಧ್ಯೆ ಶೀಟು ಹಿಂದೆ ಮುಂದೆ ಓಡುತ್ತೆ, ಹೆಡ್ ಎಡಕ್ಕೆ ಬಲಕ್ಕೆ ಓಡುತ್ತೆ. ಪ್ರಿಂಟ್ ಆದ ಶೀಟನ್ನು ತೆಗೆಯದೆ ಹಾಗೇ ಕಟ್ ಮಾಡಿದರೆ ತೊಂದರೆ ಕಡಿಮೆ. ತಾನು ಎಲ್ಲಿ ಪ್ರಿಂಟ್ ಮಾಡಿದ್ದೀನಿ ಅನ್ನೋದು ಮಿಷಿನ್‌ಗೆ ಗೊತ್ತಿರುತ್ತೆ. ಆದರೆ ನಮಗೆ ಮೇಲೊಂದು ಗ್ಲಾಸಿ ಲ್ಯಾಮಿನೇಷನ್ ಬೇಕಿತ್ತು, ಕಾಫಿ ಚೆಲ್ಲಿದರೂ ಬಣ್ಣ ಹೋಗಬಾರದು ಅಂತ. ಅದಕ್ಕೆ ಶೀಟನ್ನು ಹೊರಗೆ ತೆಗೆದು, ಲ್ಯಾಮಿನೇಟ್ ಮಾಡಿ, ಮತ್ತೆ ಮಿಷಿನ್‌ಗೆ ಹಾಕಬೇಕು. ಎರಡನೇ ಸಲ ಹಾಕುವಾಗ ಅದು ಮೊದಲಿನ ಜಾಗದಲ್ಲೇ ಕೂರಲ್ಲ.

ಅದಕ್ಕೇ ಶೀಟಿನ ನಾಲ್ಕು ಮೂಲೆಯಲ್ಲಿ ಕಪ್ಪು ಗುರುತು ಪ್ರಿಂಟ್ ಆಗಿರುತ್ತೆ. ಕ್ರಾಪ್ ಮಾರ್ಕ್ ಅಂತಾರೆ. ಹೆಡ್‌ನಲ್ಲಿರುವ ಸಣ್ಣ ಸೆನ್ಸರ್ ಬೆಳಕು ಬಿಡುತ್ತೆ, ವಾಪಸ್ ಬರುವ ಬೆಳಕು ಎಲ್ಲಿ ಕಮ್ಮಿಯಾಯ್ತೋ ಅಲ್ಲಿ ಮಾರ್ಕ್ ಇದೆ ಅಂತ ತಿಳ್ಕೊಳ್ಳುತ್ತೆ. ಮುಂದಿನ ಎರಡು ಮಾರ್ಕ್ ಸಿಕ್ಕರೆ ಶೀಟ್ ಎಲ್ಲಿದೆ, ಎಷ್ಟು ಓರೆಯಾಗಿದೆ ಅನ್ನೋದು ಗೊತ್ತಾಗುತ್ತೆ. ಹಿಂದಿನ ಎರಡೂ ಸಿಕ್ಕರೆ ಶೀಟ್ ಉದ್ದದಲ್ಲಿ ಎಷ್ಟು ಹಿಗ್ಗಿದೆ ಅಥವಾ ಕುಗ್ಗಿದೆ ಅನ್ನೋದೂ ಗೊತ್ತಾಗಿ, ಕಟ್ ಮಾಡುವ ಗೆರೆಯನ್ನು ಮಿಷಿನ್ ಅಷ್ಟೇ ಹಿಗ್ಗಿಸಿಕೊಳ್ಳುತ್ತೆ. ಈ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ. ನಾವು ಆ ರಾತ್ರಿ ಕಡೆಗಣಿಸಿದ್ದು ಅದನ್ನೇ.

29ನೇ ತಾರೀಖು ಮಧ್ಯಾಹ್ನ ಪ್ರಿಂಟ್ ಶುರುವಾಯ್ತು. ಅಂಗಡಿ ಕಂಪ್ಯೂಟರ್‌ನಲ್ಲಿ ನುಡಿ ಫಾಂಟು, ನಮ್ಮದು ಯುನಿಕೋಡ್. ಅಕ್ಷರ ಒಡೆದುಹೋಗಬಾರದು ಅಂತ ಎಲ್ಲವನ್ನೂ ಕರ್ವ್ಸ್ ಮಾಡಿ ಫೈಲ್ ಕೊಟ್ಟಿದ್ದೆವು. ಮೊದಲ ಶೀಟಿನಲ್ಲಿ ಬಣ್ಣದ ಮಧ್ಯೆ ಗೆರೆ ಗೆರೆ ಬಂತು. ಅಣ್ಣ ಅದನ್ನು ಪಕ್ಕಕ್ಕೆ ಎಸೆದು, ಹೆಡ್ ಕ್ಲೀನ್ ಮಾಡಿ, ಮೂರು ಶೀಟ್ ಚೆನ್ನಾಗಿ ಹೊಡೆದುಕೊಟ್ಟರು. ಒಂದೊಂದರಲ್ಲೂ ಹತ್ತು ಕಾಲಂ, ಮೂವತ್ತು ಸಾಲು, 300 ಸ್ಟಿಕರ್. ಉದ್ದದಲ್ಲಿ ಮಾರ್ಕ್‌ನಿಂದ ಮಾರ್ಕ್‌ಗೆ 1,200 ಮಿಲಿಮೀಟರ್.

"ಇದು ಸಾಲ್ವೆಂಟ್ ಇಂಕು ಕಣ್ರಪ್ಪಾ. ಮುಟ್ಟಿದ್ರೆ ಒಣಗಿದಂಗೆ ಇರುತ್ತೆ, ಒಳಗೆ ಒಣಗಿರಲ್ಲ. ಒಂದು ದಿನ ಬಿಡಿ, ನಾಳೆ ಸಂಜೆ ಲ್ಯಾಮಿನೇಷನ್ ಮಾಡ್ಕೊಡ್ತೀನಿ" ಅಂದರು ಅಣ್ಣ.

ನಮಗೆ 30, 31 ಎರಡು ದಿನವೂ ನಾಟಕದ ರಿಹರ್ಸಲ್, ಸ್ಟೇಜ್ ಕೆಲಸ. ಇವತ್ತೇ ಮುಗಿಸಿಬಿಟ್ಟರೆ ನಿರಾಳ. "ಅಣ್ಣಾ, ಸ್ವಲ್ಪ ಅಡ್ಜಸ್ಟ್ ಮಾಡಿ ಅಣ್ಣಾ, ಪ್ಲೀಸ್" ಅಂತ ನಾಲ್ಕೂ ಜನ ಒಂದೇ ರಾಗದಲ್ಲಿ ಹಾಡಿದೆವು. ಅಣ್ಣ ತಲೆ ಕೆರೆದುಕೊಂಡು ಶೀಟುಗಳನ್ನು ಲ್ಯಾಮಿನೇಟರ್‌ಗೆ ಕೊಟ್ಟರು. ಇದು ಮೊದಲನೇ ಅಡ್ಜಸ್ಟ್‌ಮೆಂಟು.

ರಾತ್ರಿ ಎಂಟೂವರೆಗೆ ಮೊದಲ ಶೀಟನ್ನು ಕಟಿಂಗ್‌ಗೆ ಹಾಕಿದರು. ಸೆನ್ಸರ್ ಮುಂದಿನ ಎರಡು ಮಾರ್ಕ್ ಓದಿತು. ಹಿಂದಿನ ಎರಡು ಸಿಗಲಿಲ್ಲ. ಲ್ಯಾಮಿನೇಷನ್ ಹೊಳಪಿಗೆ ಬೆಳಕು ಎಲ್ಲೆಲ್ಲೋ ಚಿಮ್ಮಿ ಸೆನ್ಸರ್‌ಗೆ ಕಪ್ಪು ಯಾವುದು, ಬಿಳಿ ಯಾವುದು ಗೊತ್ತಾಗ್ತಿಲ್ಲ ಅಂತ ಅಣ್ಣ ಹೇಳಿದರು. "ಮಾರ್ಕ್ ಮೇಲೆ ಮಬ್ಬು ಟೇಪ್ ಹಾಕಿದ್ರೆ ಹಿಡಿಯುತ್ತೆ. ಟೇಪ್ ಖಾಲಿ ಆಗಿದೆ, ಬೆಳಿಗ್ಗೆ ತರಿಸ್ತೀನಿ."

ನಮ್ಮಲ್ಲಿ ಸಿಎಸ್‌ನವನು ಅಷ್ಟರಲ್ಲಿ ಮೊಬೈಲ್‌ನಲ್ಲಿ ಮ್ಯಾನ್ಯುಯಲ್ ತೆಗೆದಿದ್ದ. ಎರಡೇ ಮಾರ್ಕ್ ಓದಿ ಕಟ್ ಮಾಡುವ ಮೋಡ್ ಇದೆ ಅಂತ ಕಂಡುಹಿಡಿದ. "ಮುಂದಿನ ಎರಡು ಸಿಕ್ಕಿದೆಯಲ್ಲ ಅಣ್ಣಾ, ಅದರಲ್ಲೇ ಓಡಿಸಿ. ಸ್ವಲ್ಪ ಅಡ್ಜಸ್ಟ್ ಮಾಡಿ." ಅಣ್ಣ ಒಂದು ನಿಮಿಷ ಸುಮ್ಮನಿದ್ದು ಬಟನ್ ಒತ್ತಿದರು. ಇದು ಎರಡನೆಯದು.

ಮೊದಲ ಏಳೆಂಟು ಸಾಲು ನೋಡಿ ನಾವು ಚಪ್ಪಾಳೆ ಹೊಡೆದೆವು. ಅಂಚಿನ ಮೇಲೆ ಗೆರೆ ಎಳೆದ ಹಾಗಿತ್ತು. ಹದಿನೈದನೇ ಸಾಲಿನ ಹೊತ್ತಿಗೆ ಚಪ್ಪಾಳೆ ನಿಂತಿತು. ಕೊನೆಯ ಸಾಲುಗಳ ಸ್ಟಿಕರ್ ಕಿತ್ತು ನೋಡಿದರೆ, ಮೇಲೆ ಅಗಲವಾದ ಬಿಳಿ ಪಟ್ಟಿ, ಕೆಳಗೆ ಒತ್ತಕ್ಷರಗಳೇ ಇಲ್ಲ. "ಕನ್ನಡ" ಹೋಗಿ "ಕನಡ". "ಅಮ್ಮ" ಹೋಗಿ "ಅಮ". "ನಿದ್ದೆ" ಹೋಗಿ "ನಿದೆ". "ಎಲ್ಲಾ ಓಕೆ" ಅನ್ನೋದು "ಎಲಾ ಓಕೆ" ಆಗಿ ನಮ್ಮನ್ನೇ ಗದರಿಸಿದ ಹಾಗಿತ್ತು. "ನಮ್ಮ ಹಳ್ಳಿ" ಪೂರ್ತಿ ಹಳಿ ತಪ್ಪಿತ್ತು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗ್ತಿದ್ದೆವು. ಅವತ್ತು ಯಾರಿಗೂ ನಗು ಬರಲಿಲ್ಲ. ನಮ್ಮ ಆರೂ ಡಿಸೈನ್‌ನಲ್ಲಿ ಒತ್ತಕ್ಷರ ಇದೆ ಅನ್ನೋದನ್ನ ನಾವು ಗಮನಿಸಿದ್ದು ಆಗಲೇ. ಒತ್ತು ಹೋದರೆ ಪದವೇ ಬೇರೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲವಾ, ತಕ್ಷಣ ಪರಿಹಾರ ಹೇಳಿದೆವು. "ಕಟ್ ಮೇಲಕ್ಕೆ ಹೋಗಿದೆ, ಆಫ್‌ಸೆಟ್ ಕೆಳಕ್ಕೆ ಕೊಡಿ ಅಣ್ಣಾ." ಎಷ್ಟು ಕೊಡಬೇಕು ಅಂದರೆ, ಮಧ್ಯದ ಸಾಲು ನೋಡಿ "ಮೂರೂವರೆ ಮಿಲಿಮೀಟರ್" ಅಂದೆವು. ಎರಡನೇ ಶೀಟ್ ಕಟ್ ಆಯ್ತು. ಮಧ್ಯದ ನಾಲ್ಕೈದು ಸಾಲು ಮುತ್ತಿನ ಹಾಗೆ ಬಂತು. ಕೆಳಗಿನ ಸಾಲುಗಳಲ್ಲಿ ಒತ್ತಕ್ಷರದ ತುದಿ ಇನ್ನೂ ಹೋಗಿತ್ತು, ಮತ್ತೆ ಮೇಲಿನ ಸಾಲುಗಳಿಗೆ ಈಗ ತಲೆಕಟ್ಟು ಹೋಗಿತ್ತು. ಒಂದು ಶೀಟಿಗೆ ಕಾಲಿಲ್ಲ, ಇನ್ನೊಂದಕ್ಕೆ ತಲೆಯೂ ಇಲ್ಲ.

ಆಗ ನಾವು ಮಾಡಿದ ಕೆಲಸ ಬರೆಯಲು ಈಗಲೂ ನಾಚಿಕೆ. ಓನರ್‌ಗೆ ಫೋನ್ ಮಾಡಿದೆವು. "ಸರ್, ಎರಡು ಶೀಟ್ ಹಾಳಾಗಿದೆ. ನಿಮ್ಮವರು ಶೀಟನ್ನು ಸರಿಯಾಗಿ ಲೋಡ್ ಮಾಡಿಲ್ಲ ಅನ್ಸುತ್ತೆ." ಸ್ಪೀಕರ್ ಆನ್ ಇತ್ತು. ಓನರ್ ದನಿ ಅಂಗಡಿ ತುಂಬ ಕೇಳಿಸಿತು: "ನೀವು ಚಿಂತೆ ಮಾಡ್ಬೇಡಿ, ಬೇರೆ ಹೊಡ್ಸಿ ಕೊಡ್ತೀನಿ. ಆ ದುಡ್ಡು ಅವನ ಸಂಬಳದಲ್ಲಿ ಹಿಡ್ಕೋತೀನಿ." ಎರಡು ಶೀಟ್ ಅಂದರೆ 2,000 ರೂಪಾಯಿ. ಅಣ್ಣ ಏನೂ ಮಾತಾಡಲಿಲ್ಲ. ಮುಂದಿನ ಬ್ಯಾನರ್ ಕೆಲಸಕ್ಕೆ ರೋಲ್ ಬದಲಿಸುತ್ತಿದ್ದರು. ನಾವು ಹೊರಡುವಾಗ, ಕಟ್ ಆಗದ ಮೂರನೇ ಶೀಟಿಗೆ ಗೀರು ಬೀಳಬಾರದು ಅಂತ ಆ ಗೆರೆ ಬಂದು ಕೆಟ್ಟಿದ್ದ ಶೀಟನ್ನೇ ಹೊರಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರು.

ಸಂಘದ ರೂಮಿಗೆ ಬಂದು ಹತ್ತೂವರೆ ತನಕ ಒಬ್ಬರನ್ನೊಬ್ಬರು ಬೈದುಕೊಂಡೆವು. ಫೈಲ್ ಮಾಡಿದ ಇಸಿಯವಳದ್ದು ತಪ್ಪು ಅಂತ ಒಬ್ಬ, ಮ್ಯಾನ್ಯುಯಲ್ ಓದಿದವನದ್ದು ಅಂತ ಇನ್ನೊಬ್ಬ. ಕೊನೆಗೆ ಮೆಕ್ಯಾನಿಕಲ್‌ನವನು, "ಬೈಯೋದು ಬಿಟ್ಟು ಅಳತೆ ಮಾಡೋಣ್ವಾ?" ಅಂದ. ಯೋಚನೆ ಮಾಡಿದರೆ, ಸಂಜೆಯಿಂದ ನಾವು ಊಹೆ ಮಾಡಿದ್ದೆವು, ಸಲಹೆ ಕೊಟ್ಟಿದ್ದೆವು, ದೂರು ಕೊಟ್ಟಿದ್ದೆವು. ಅಳತೆ ಒಂದೂ ಮಾಡಿರಲಿಲ್ಲ.

ಮೊದಲ ಶೀಟಿನಲ್ಲಿ ಸ್ಟಿಕರ್ ಅಂಚಿಗೂ ಕಟ್ ಗೆರೆಗೂ ಇರುವ ವ್ಯತ್ಯಾಸವನ್ನು ಸಾಲು ಸಾಲಾಗಿ ಸ್ಕೇಲ್ ಇಟ್ಟು ಬರೆದೆವು. ಮೊದಲ ಸಾಲಿನಲ್ಲಿ ಸೊನ್ನೆ. ಹತ್ತನೇ ಸಾಲಿನಲ್ಲಿ 2 ಮಿಲಿಮೀಟರ್. ಇಪ್ಪತ್ತನೇ ಸಾಲಿನಲ್ಲಿ ನಾಲ್ಕೂವರೆ. ಮೂವತ್ತನೇ ಸಾಲಿನಲ್ಲಿ ಹತ್ತಿರ ಹತ್ತಿರ 7. ಎಡ ಕಾಲಂ, ಬಲ ಕಾಲಂ ಎರಡರಲ್ಲೂ ಒಂದೇ. ಅಂದರೆ ಶೀಟ್ ಓರೆಯಾಗಿ ಲೋಡ್ ಆಗಿರಲಿಲ್ಲ. ಅಣ್ಣ ನೆಟ್ಟಗೇ ಹಾಕಿದ್ದರು. ಇದು ಗೊತ್ತಾದ ಕೂಡಲೇ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಗ್ರಾಫ್ ಹಾಳೆಯಲ್ಲಿ ಹಾಕಿದರೆ ನೇರ ಗೆರೆ. ಹೈಸ್ಕೂಲಿನಿಂದ ಓದುತ್ತಾ ಬಂದಿರುವ ವೈ ಈಕ್ವಲ್ಸ್ ಎಂ ಎಕ್ಸ್ ಪ್ಲಸ್ ಸಿ ನಮ್ಮ ಮುಂದೆ ಅಂಗಾತ ಮಲಗಿತ್ತು. ಆಫ್‌ಸೆಟ್ ಅನ್ನೋದು ಸಿ. ಅದನ್ನು ಬದಲಿಸಿದರೆ ಗೆರೆ ಪೂರ್ತಿ ಮೇಲೆ ಕೆಳಗೆ ಸರಿಯುತ್ತೆ ಅಷ್ಟೇ, ಅದರ ಇಳಿಜಾರು ಹಾಗೇ ಇರುತ್ತೆ. ನಮ್ಮ ತಪ್ಪು ಇದ್ದದ್ದು ಎಂ‌ನಲ್ಲಿ, ನಾವು ತಿರುಗಿಸಿದ್ದು ಸಿ‌ಯನ್ನು. ಎರಡನೇ ಶೀಟಿನಲ್ಲಿ ಮಧ್ಯದ ಸಾಲು ಸರಿಯಾಗಿ, ಎರಡೂ ತುದಿ ಕೆಟ್ಟದ್ದು ಅದಕ್ಕೇ.

ಎಂ ಯಾಕೆ ಕೆಟ್ಟಿತು? ಸಿವಿಲ್‌ನವನು ಸರ್ವೆಗೆ ಬಳಸುವ ಸ್ಟೀಲ್ ಟೇಪ್ ತಂದ. ಕಟ್ ಆಗದ ಮೂರನೇ ಶೀಟನ್ನು ನೆಲದ ಮೇಲೆ ಹಾಸಿ, ಮಾರ್ಕ್‌ನಿಂದ ಮಾರ್ಕ್‌ಗೆ ಅಳೆದೆವು. ಫೈಲ್‌ನಲ್ಲಿ 1,200 ಇರಬೇಕಾದದ್ದು ಶೀಟಿನಲ್ಲಿ 1,207. ಪ್ರಿಂಟ್ ಆಗುವಾಗಲೇ ಹೆಚ್ಚಾಗಿತ್ತಾ? ಅದಕ್ಕೂ ಸಾಕ್ಷಿ ನಮ್ಮ ಹತ್ತಿರವೇ ಇತ್ತು. ಅಣ್ಣ ಹೊರಗೆ ಸುತ್ತಿ ಕೊಟ್ಟಿದ್ದ ಆ ಕೆಟ್ಟ ಶೀಟ್ ಲ್ಯಾಮಿನೇಟ್ ಆಗಿರಲಿಲ್ಲ. ಅದನ್ನು ಅಳೆದರೆ 1,200, ಅರ್ಧ ಮಿಲಿಮೀಟರ್ ಆಚೀಚೆ. ಅಂದರೆ ಮಿಷಿನ್ ಸರಿಯಾಗೇ ಪ್ರಿಂಟ್ ಮಾಡಿತ್ತು. ಶೀಟ್ ಹಿಗ್ಗಿದ್ದು ಲ್ಯಾಮಿನೇಟರ್‌ನಲ್ಲಿ. ಸಾಲ್ವೆಂಟ್ ಪೂರ್ತಿ ಆರುವ ತನಕ ವಿನೈಲ್ ಮೆತ್ತಗಿರುತ್ತೆ. ಆ ಸ್ಥಿತಿಯಲ್ಲಿ ಲ್ಯಾಮಿನೇಟರ್ ರೋಲರ್‌ಗಳು ಎಳೆದಿವೆ, ಅದು ಜಗ್ಗಿದೆ, ಮೇಲೆ ಅಂಟಿದ ಫಿಲ್ಮ್ ಅದನ್ನು ಹಾಗೇ ಹಿಡಿದಿಟ್ಟಿದೆ. ಹಿಂದಿನ ಎರಡು ಮಾರ್ಕ್ ಓದಿದ್ದರೆ ಮಿಷಿನ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತಿತ್ತು. ಅದನ್ನೂ ನಾವೇ ತಪ್ಪಿಸಿದ್ದೆವು. ಒಣಗಲಿ ಅಂತ ಅಣ್ಣ ಹೇಳಿದ್ದರು, ಟೇಪ್ ಹಾಕೋಣ ಅಂತ ಅಣ್ಣ ಹೇಳಿದ್ದರು. ಎರಡು ಸಲವೂ ಅಡ್ಜಸ್ಟ್ ಮಾಡಿ ಅಂದವರು ನಾವು. ದುಡ್ಡು ಹೋಗುವುದು ಮಾತ್ರ ಅವರ ಸಂಬಳದಿಂದ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತಿದ್ದೆವು. ಓನರ್‌ಗೆ ಮತ್ತೆ ಫೋನ್, ಮತ್ತೆ ಸ್ಪೀಕರ್. ದೂರು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದೆವಲ್ಲ, ತಪ್ಪೊಪ್ಪಿಗೆಯೂ ಹಾಗೇ ಇರಲಿ ಅಂತ. "ಸರ್, ನಿನ್ನೆ ನಾವು ಹೇಳಿದ್ದು ತಪ್ಪು. ಅಣ್ಣ ಬೇಡ ಅಂದರೂ ನಾವೇ ಅವಸರ ಮಾಡಿ ಕೆಡಿಸಿದ್ದು. ಎರಡು ಶೀಟ್ ದುಡ್ಡು ನಾವೇ ಕೊಡ್ತೀವಿ, ಅಣ್ಣನ ಸಂಬಳ ಮುಟ್ಟಬೇಡಿ." ಆ ಕಡೆಯಿಂದ ಒಂದು "ಹೂಂ" ಬಂತು, ಫೋನ್ ಕಟ್ ಆಯ್ತು. ಸಂಘದ ದುಡ್ಡು ಮುಟ್ಟದೆ ತಲೆಗೆ 500 ರೂಪಾಯಿ ಹಾಕಿದೆವು. ತಿಂಗಳ ಕೊನೆಯಲ್ಲಿ 500 ರೂಪಾಯಿ ಅಂದರೆ ಏನು ಅಂತ ಹಾಸ್ಟೆಲ್‌ನಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ.

ಅಣ್ಣನಿಗೆ ಗ್ರಾಫ್ ತೋರಿಸಿದೆವು. ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹೋಗ್ತಾ ಹೋಗ್ತಾ ಜಾಸ್ತಿ ಆಗಿದ್ರೆ ಶೀಟ್ ಎಳೆದಿದೆ ಅಂತ ಲೆಕ್ಕ" ಅಂದರು. ನಾವು ರಾತ್ರಿ ಒಂದು ಗಂಟೆವರೆಗೆ ಕೂತು ಕಂಡುಹಿಡಿದದ್ದು ಅವರಿಗೆ ಒಂದು ವಾಕ್ಯ. "ಮತ್ತೆ ನಿನ್ನೆ ಯಾಕೆ ಹೇಳ್ಲಿಲ್ಲ ಅಣ್ಣಾ?" ಅಂತ ಇಸಿಯವಳು ಕೇಳಿದಳು. "ಹೇಳೋಕೆ ನೀವು ಬಿಟ್ರೇನಮ್ಮಾ?" ಅಂದರು.

ಮೂರನೇ ಶೀಟಿನ ನಾಲ್ಕೂ ಮಾರ್ಕ್ ಮೇಲೆ ಮಬ್ಬು ಟೇಪ್ ಅಂಟಿಸಿ ಮಿಷಿನ್‌ಗೆ ಹಾಕಿದರು. ಸೆನ್ಸರ್ ನಾಲ್ಕನ್ನೂ ಓದಿತು. ಮೊದಲ ಸಾಲಿನಿಂದ ಮೂವತ್ತನೇ ಸಾಲಿನ ತನಕ ವ್ಯತ್ಯಾಸ ಒಂದು ಮಿಲಿಮೀಟರ್ ದಾಟಲಿಲ್ಲ. 300 ಸ್ಟಿಕರ್ ಉಳಿಯಿತು. ಉಳಿದ 600ಕ್ಕೆ ಫೈಲ್ ಬದಲಿಸಿದೆವು. 1,200ರ ಒಂದು ಚೌಕಟ್ಟಿನ ಬದಲು 400ರ ಮೂರು ಚೌಕಟ್ಟು, ಪ್ರತಿಯೊಂದಕ್ಕೂ ಅದರದೇ ನಾಲ್ಕು ಮಾರ್ಕ್. ಅಂಚು 2 ಮಿಲಿಮೀಟರ್ ಇದ್ದದ್ದನ್ನು 3 ಮಾಡಿದೆವು. ಹಿಂದಿನ ಹಾಗೆ ಹಿಗ್ಗಿದರೂ 400ಕ್ಕೆ ಬರುವ ತಪ್ಪು 2.3 ಮಿಲಿಮೀಟರ್, ಅಂಚಿನ ಒಳಗೇ ಇರುತ್ತೆ, ಒತ್ತಕ್ಷರಕ್ಕೆ ಏಟಿಲ್ಲ. 30ಕ್ಕೆ ಪ್ರಿಂಟ್, 31ರ ಸಂಜೆ ತನಕ ಅಂಗಡಿಯಲ್ಲೇ ಹರಡಿ ಒಣಗಿಸಿ, ಆಮೇಲೆ ಲ್ಯಾಮಿನೇಷನ್, ಕಟಿಂಗ್. ರಾತ್ರಿ ಎರಡರ ತನಕ ಪ್ಯಾಕಿಂಗ್. ನವೆಂಬರ್ 1ರ ಬೆಳಿಗ್ಗೆ ಧ್ವಜಾರೋಹಣ ಮುಗಿದ ಮೇಲೆ 150 ಪ್ಯಾಕೂ ಕೊಟ್ಟೆವು. ಒಂದು ಮಾತು ಮಾತ್ರ ಮುಚ್ಚಿಡಬಾರದು: ಆ ಮೂರನೇ ಶೀಟಿನ ಸ್ಟಿಕರ್‌ಗಳಲ್ಲಿ ಕೆಲವು ಎರಡು ತಿಂಗಳಲ್ಲೇ ಅಂಚು ಸುರುಳಿಕೊಂಡು ಎದ್ದವು. ಕಟ್ ಸರಿಯಾಯ್ತು, ಹಸಿ ಲ್ಯಾಮಿನೇಷನ್ ಸರಿಯಾಗಲಿಲ್ಲ. ನಿಮ್ಮ ಲ್ಯಾಪ್‌ಟಾಪ್ ಮೇಲೆ ಹಾಗೆ ಎದ್ದಿದ್ದರೆ, ಕ್ಷಮೆ ಇರಲಿ.

ಮುಂದೆ ಫೆಸ್ಟಿಗೋ ಕ್ಲಬ್ಬಿಗೋ ಸ್ಟಿಕರ್ ಮಾಡಿಸುವವರಿಗೆ ನಾವು ಕಲಿತದ್ದು ಇಷ್ಟು. ಕಟ್ ತಪ್ಪಿದರೆ ಮೊದಲು ಏನನ್ನೂ ತಿರುಗಿಸಬೇಡಿ, ತಪ್ಪು ಯಾವ ಥರದ್ದು ನೋಡಿ. ಶೀಟಿನ ತುಂಬ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ಆಗ ಮಾತ್ರ ಆಫ್‌ಸೆಟ್. ಹೋಗ್ತಾ ಹೋಗ್ತಾ ಹೆಚ್ಚಾದರೆ ಶೀಟಿನ ಉದ್ದ ಅಳೆಯಿರಿ. ಎಡಕ್ಕೊಂದು ಬಲಕ್ಕೊಂದು ಅಳತೆ ಬಂದರೆ ಶೀಟ್ ಓರೆಯಾಗಿದೆ, ಇಲ್ಲವೇ ಪಿಂಚ್ ರೋಲರ್ ಸರಿಯಾದ ಜಾಗದಲ್ಲಿ ಕೂತಿಲ್ಲ. ಕಟ್ ಶುರುವಾದ ಜಾಗಕ್ಕೆ ಬಂದು ಸೇರದಿದ್ದರೆ ಶೀಟ್ ಜಾರುತ್ತಿರಬಹುದು, ಬ್ಲೇಡ್ ಹೋಲ್ಡರ್ ಸಡಿಲ ಇರಬಹುದು. ಚೂಪು ಮೂಲೆಗಳು ಮಾತ್ರ ದುಂಡಗಾದರೆ ಬ್ಲೇಡ್ ಸವೆದಿರಬಹುದು, ಇಲ್ಲವೇ ಬ್ಲೇಡಿನ ಆಫ್‌ಸೆಟ್ ಸಂಖ್ಯೆ ತಪ್ಪಿರಬಹುದು. ಅಳತೆ ಬರೆದಿಟ್ಟುಕೊಂಡರೆ ಅರ್ಧ ಉತ್ತರ ಅದರಲ್ಲೇ ಇರುತ್ತೆ. ಮತ್ತೆ, ಅಳತೆ ಮಾಡುವ ಮುಂಚೆ ಯಾರ ಬಗ್ಗೆಯೂ ಫೋನ್ ಮಾಡಬೇಡಿ.

ಲಾಭದಲ್ಲಿ ಲೈಬ್ರರಿಗೆ ಪುಸ್ತಕ ಬಂತು. ಈ ವರ್ಷದ ಪ್ಲಾನ್ ಹಾಳೆಯಲ್ಲಿ ಸ್ಟಿಕರ್ ಪ್ರಿಂಟ್‌ಗೆ ಅಕ್ಟೋಬರ್ 20 ಅಂತ ಬರೆದಿದ್ದೇವೆ. ಹೋದ ವಾರ ರೇಟ್ ಕೇಳಲು ಅಂಗಡಿಗೆ ಹೋಗಿದ್ದೆವು. ಮಿಷಿನ್ ಮುಚ್ಚಳದ ಮೇಲೆ ನಮ್ಮ ಹಾಳಾದ ಶೀಟಿನ ಒಂದು ಸ್ಟಿಕರ್ ಅಂಟಿತ್ತು. ಅಷ್ಟರಲ್ಲಿ ಒಬ್ಬರು ಬಂದು, "ಅಣ್ಣಾ, ಇವತ್ತೇ ಬೇಕು, ಒಣಗೋದೆಲ್ಲ ಬೇಡ, ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದರು. ಅಣ್ಣ ತಲೆ ಎತ್ತದೆ ಬೆರಳು ಮಾಡಿ ಆ ಸ್ಟಿಕರ್ ತೋರಿಸಿದರು. ಅವರು ಓದಿದರು: "ಸಲ... ಅಡಸ್... ಏನಿದು?"

"ಅವಸರದಲ್ಲಿ ಮಾಡಿಸಿದ್ದು" ಅಂದರು ಅಣ್ಣ. "ಇವರನ್ನೇ ಕೇಳಿ."